ವಿಳಾಸ ಕೊಟ್ಟರೆ ಆಧಾರ

ಸುದ್ದಿಯ ಕೆಲಸದಲ್ಲಿ ವರ್ಷಗಟ್ಟಲೆ ಕಳೆದವನಿಗೆ ಗಾಬರಿಯಾಗುವ ಅಭ್ಯಾಸ ತಪ್ಪಿಹೋಗಿರುತ್ತದೆ. ಲಾರಿ ಮಗುಚಲಿ, ಪುರಸಭೆ ಮಗುಚಲಿ, ನಾನು ಮೊದಲು ಕೇಳುವುದು "ಹೇಳಿದವರು ಯಾರು?" ಎಂದು. ಮನೆಯಲ್ಲಿ ಹಾಲು ಒಡೆದಿದೆ ಎಂದರೂ ಇನ್ನೊಬ್ಬರನ್ನು ವಿಚಾರಿಸಿ ಖಚಿತಪಡಿಸಿಕೊಳ್ಳುವ ಜಾತಿ ನನ್ನದು. ಅಂಥವನೂ ಗಾಬರಿಬಿದ್ದದ್ದು ಅರಸೀಕೆರೆ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಲ್ಲಿ.

ನನ್ನ ಹೆಂಡತಿ ಶಾರದೆ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಲೇ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಗಳ ಮೇಲೆ ಎಂ.ಫಿಲ್. ಪ್ರಬಂಧ ಬರೆಯುತ್ತಿದ್ದಳು. ಶನಿವಾರದೊಳಗೆ ಒಪ್ಪಿಸದಿದ್ದರೆ ಒಂದು ವರ್ಷ ಹೋದಂತೆ. ಉಳಿದಿದ್ದದ್ದು ಆಧಾರಗಳ ಪಟ್ಟಿ. ಅವಳು ಇಂಟರ್ನೆಟ್ಟಿನಲ್ಲಿ ನೋಡಿದ್ದ ನಲವತ್ತು ಪುಟಗಳ ವಿಳಾಸ ಹಿಡಿದು, "ನನಗೆ ಬಿಡು, ಆಧಾರ ಅಂದರೆ ನಾನು" ಎಂದು ಹೊರಟೆ. ಸೈಬರ್ ಸೆಂಟರಿನ ರುದ್ರೇಶ ನಕ್ಕ. "ಅದನ್ನೆಲ್ಲ ಯಾರು ಕೈಯಲ್ಲಿ ಬರೀತಾರೆ ಸಾರ್? ಅಡ್ರೆಸ್ ಹಾಕಿ, ಬರೆದೋರ ಹೆಸರು, ವರ್ಷ ಎಲ್ಲಾ ಅದೇ ಹಾಕ್ಕೊಡ್ತೈತೆ" ಎಂದು ಒಂದು ತಾಣ ತೆರೆದುಕೊಟ್ಟ. ವಿಳಾಸಕ್ಕೊಂದು ಸಾಲು, ಅಚ್ಚು ಹಾಕಿದಂತೆ ಬಂತು. ನಾನು ಓದಿ ನೋಡಲಿಲ್ಲ. ಅಷ್ಟು ಚೆಂದದ ಪಟ್ಟಿಯನ್ನು ಅನುಮಾನಿಸುವುದಾದರೂ ಹೇಗೆ?

ಗುರುವಾರ ಶಾರದೆಗೆ, ಪಟ್ಟಿ ನೋಡಿದ ಅವಳ ಮಾರ್ಗದರ್ಶಕರ ಫೋನು. "ಅಲ್ಲಮ್ಮ, ಈ 'ಅಸ್, ಕಾಂಟ್ಯಾಕ್ಟ್' ಅನ್ನೋ ವಿದ್ವಾಂಸರು ಯಾವ ಊರಿನವರು? ಹನ್ನೊಂದು ಕಡೆ ಬರೆದಿದ್ದಾರಲ್ಲ!"

ಪುಟಗಳ ಮೂಲೆಯಲ್ಲಿದ್ದ 'ಕಾಂಟ್ಯಾಕ್ಟ್ ಅಸ್' ಎಂಬುದನ್ನೇ ಯಂತ್ರ ಲೇಖಕರೆಂದು ತಿಳಿದು, ಮನೆತನದ ಹೆಸರನ್ನು ಮುಂದಿಟ್ಟು ಗೌರವಿಸಿತ್ತು. ಹೊಯ್ಸಳರ ಶಾಸನವೊಂದು ಕಳೆದ ವಾರ ಬರೆದದ್ದಾಗಿತ್ತು. ಇಬ್ಬರೂ ಮತ್ತೆ ಸೈಬರ್ ಸೆಂಟರಿಗೆ ಓಡಿದೆವು. ಶಾರದೆ ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ನೋಡುತ್ತ ಬಂದಳು.

"ಸದ್ಯ, ಇದೊಂದು ಸರಿಯಾಗಿದೆ ಕಣ್ರೀ. ಹೆಸರು, ಪತ್ರಿಕೆ, ತಾರೀಕು... ಅಯ್ಯೋ, ಇದು ನೀವೇ!"

ಪ್ರವಾಸಿಗಳಿಗೆಂದು ಯಾರೋ ಮಾಡಿದ ಪುಟ. ನನ್ನ ಹಳೆಯ ವರದಿಯನ್ನು ಅಕ್ಷರ ಬಿಡದೆ ಎತ್ತಿ ಹಾಕಿ, ತುದಿಯಲ್ಲಿ ಕಾಣದಷ್ಟು ಸಣ್ಣದಾಗಿ ನನ್ನ ಹೆಸರು ಕೊಟ್ಟಿದ್ದರು. ಅದರಲ್ಲೊಂದು ಸಾಲು: "ಬಸದಿಯ ಕಂಬಗಳಿಗೆ ಕನ್ನಡಿಯ ಹೊಳಪು ಬಂದದ್ದು ತೆಂಗಿನ ನಾರಿನಿಂದ ಉಜ್ಜಿದ್ದರಿಂದ ಎಂದು ತಿಳಿದವರು ಹೇಳುತ್ತಾರೆ." ಶಾರದೆಯ ಮೂರನೇ ಅಧ್ಯಾಯದ ಅರ್ಧ ನಿಂತಿದ್ದು ಆ ನಾರಿನ ಮೇಲೆ.

"ಹೇಳಿದವರು ಯಾರು?" ಎಂದಳು, ನನ್ನದೇ ದನಿಯಲ್ಲಿ.

ಬಸದಿಯ ಮುಂದೆ ಎಳನೀರು ಮಾರುವ ಸಣ್ಣಪ್ಪ ಎಂದು ಒಪ್ಪಿಕೊಂಡೆ. ಮಾರನೆಯ ಬೆಳಿಗ್ಗೆಯೇ ಹಳೇಬೀಡಿನ ಬಸ್ಸು ಹತ್ತಿಸಿದಳು. ಸಣ್ಣಪ್ಪ ಮಚ್ಚು ಎತ್ತಿದವನು ಹಾಗೇ ನಿಂತ.

"ನಾನೆಲ್ಲಿ ಹೇಳ್ದೆ ಸಾ? ಇಲ್ಲೇ ಕುಂತು ಎಳ್ನೀರು ಕುಡೀತಾ ನೀವೇ ಕೇಳುದ್ರಿ, 'ನಾರಲ್ಲಿ ಉಜ್ಜಿರ್ಬೋದೇನಪ್ಪ?' ಅಂತ. ಇರ್ಬೋದು ಅಂದೆ. ಆಮೇಲೆ ಪೇಪರಲ್ಲೇ ಬಂತಲ್ಲ, ಬಂದೋರ್ಗೆಲ್ಲ ಅದನ್ನೇ ಹೇಳ್ತಾವ್ನಿ!"

ತೆಂಗಿನ ಸೀಮೆ ಅರಸೀಕೆರೆಯವನಿಗೆ ಜಗತ್ತಿನಲ್ಲಿರುವುದೆಲ್ಲ ತೆಂಗಿನಿಂದಲೇ ಆದಂತೆ ಕಾಣುತ್ತದೆ. ಶಾರದೆ ವಾಪಸು ಬಸ್ಸಿನಲ್ಲಿ ಕೂತೇ ಆ ಅರ್ಧ ಅಧ್ಯಾಯವನ್ನು ಹೊಡೆದುಹಾಕಿದಳು.

ಶನಿವಾರ ಪ್ರಬಂಧ ಹೋಯಿತು, ತೆಳ್ಳಗಾಗಿ. ಮೂವತ್ತೊಂಬತ್ತು ಆಧಾರಗಳನ್ನು ಅವಳೇ ಕೈಯಾರೆ ತಿದ್ದಿದಳು. ಯಂತ್ರ ಒಂದಕ್ಷರವೂ ತಪ್ಪದೆ ಕೊಟ್ಟಿದ್ದ ಇನ್ನೊಂದನ್ನು ಪೂರ್ತಿ ಅಳಿಸಿದಳು. ಅದರಲ್ಲಿ ತಪ್ಪಿದ್ದದ್ದು ಲೇಖಕ ಮಾತ್ರ.