ಮೊಣಕಾಲು ಮಡಚುವ ಮಹಾಯೋಗ

೧೯೮೦ರ ಆಸುಪಾಸಿನ ಮಾತು. ಹುನಗುಂದದಿಂದ ಹೆಣ್ಣು ನೋಡಲು ಬಂದವರು ನಮ್ಮ ಮಗಳನ್ನು ಒಪ್ಪಿದ್ದರು. ನನ್ನ ಕಾಲನ್ನು ಒಪ್ಪಲಿಲ್ಲ! ಚಕ್ಕಳಮಕ್ಕಳ ಹಾಕಲು ಬಾರದ ನಾನು, ಊಟದ ಪಂಕ್ತಿಯಲ್ಲಿ ಎರಡೂ ಕಾಲನ್ನು ಅವರ ತಾಟಿನ ಕಡೆಗೇ ಚಾಚಿ ಉಂಡಿದ್ದೆ. ಸಂಬಂಧ ಅಲ್ಲಿಗೇ ಮುರಿಯಿತು.

ಈ ಸಲ ಬಾದಾಮಿಯವರು ಬರುವವರಿದ್ದರು. ಹುಡುಗ ಮಾಸ್ತರ, ಮಗಳಿಗೂ ಮನಸ್ಸಿತ್ತು. ನಾನು ಹೆದರಲಿಲ್ಲ. ವಾರಪತ್ರಿಕೆಯೊಂದರಲ್ಲಿ ಓದಿದ್ದೆ: ಕಾಲನ್ನು ದುಂಡನೆಯ ವಸ್ತುವಿನ ಮೇಲೆ ಹೊರಳಿಸಿ, ಬಳಿಕ ಕಂಪನ ಕೊಟ್ಟರೆ ಕೀಲುಗಳು ಸಡಿಲಾಗುತ್ತವಂತೆ. ಎರಡೂ ನಮ್ಮ ಇಳಕಲ್ಲಿನಲ್ಲೇ ಸಿಗುವಾಗ ಚಿಂತೆ ಯಾಕೆ?

ಅವರು ಬರುವ ದಿನ ಬೆಳಿಗ್ಗೆ ಲಟ್ಟಣಿಗೆಗೆ ಕಂಬಳಿ ಸುತ್ತಿ, ತೊಡೆಯನ್ನು ಅದರ ಮೇಲಿಟ್ಟು ಹೊರಳಿದೆ. ಅದು ಹೊರಟಿತು. ನಾನೂ ಹೊರಟೆ! ಜೋಳದ ಚೀಲ ಅಡ್ಡ ಬಂದಿದ್ದರಿಂದ ಅಡಿಗೆಮನೆಯಲ್ಲೇ ನಿಂತೆ.

"ಅಯ್ಯ, ಹೋಳಗಿ ಲಟ್ಟಿಸಾಕ ತಗದಿಟ್ಟಿದ್ದೆ. ಈಗೇನು ನಿಮ್ಮ ತೊಡಿ ಮ್ಯಾಲ ಲಟ್ಟಿಸ್ಲ್ಯಾ?" ಎಂದು ಹೆಂಡತಿ ಅದನ್ನು ಕಿತ್ತುಕೊಂಡಳು.

ಕಂಪನಕ್ಕಾಗಿ ರಾಜೇಸಾಬನ ಹಿಟ್ಟಿನ ಗಿರಣಿಗೆ ಹೋದೆ.

"ಏನ್ ಬೀಸೂದೈತ್ರಿ ಅಣ್ಣಾರ?"

"ಬೀಸೂದಲ್ಲೋ ಮಾರಾಯಾ, ಮೊಣಕಾಲು ಅಲುಗಾಡಿಸೂದೈತಿ!"

"ಅಲುಗಾಡಿಸ್ಕೋರಿ. ಆದ್ರ ಗಿರಣಿ ತಿರುಗಿಸೂ ಪಟ್ಟಾದ ಹತ್ತರ ಹೋಗಬ್ಯಾಡ್ರಿ."

ಗಿರಣಿಯ ಕಟ್ಟೆಗೆ ಮೊಣಕಾಲು ಒತ್ತಿ ಅರ್ಧ ತಾಸು ಕುಳಿತೆ. ಹಲ್ಲು ಕಟಕಟ ಎಂದವು, ಚಷ್ಮಾ ಉದುರಿತು, ಮೈಯೆಲ್ಲ ಹಿಟ್ಟಾಯಿತು. ಆದರೆ ಏನಾಶ್ಚರ್ಯ! ಕಾಲು ಮಡಚಿತು. ಪದ್ಮಾಸನವೇ ಬಿತ್ತು! ಬೀಸಲು ಬಂದ ಹೆಂಗಸರ ಎದುರು ಹೆಮ್ಮೆಯಿಂದ ಬೀಗಿದೆ.

ಏಳಲು ಹೋದಾಗ ಗೊತ್ತಾಯಿತು. ಬಿಚ್ಚುವ ವಿಧಾನವನ್ನು ಪತ್ರಿಕೆಯವರು ಬರೆದಿರಲಿಲ್ಲ.

ರಾಜೇಸಾಬ ನನ್ನನ್ನು ಅನಾಮತ್ತಾಗಿ ಎತ್ತಿ ಕೈಗಾಡಿಯಲ್ಲಿಟ್ಟು ಮನೆಗೆ ತಳ್ಳಿದ. ದಾರಿಯಲ್ಲಿ ಇಬ್ಬರು ಮುದುಕಿಯರು ಕೈಮುಗಿದರು. ಬೇರೆ ದಾರಿ ಕಾಣದೆ ಆಶೀರ್ವಾದ ಮಾಡಿದೆ.

ಹೆಂಡತಿ ಹಿಟ್ಟು ಝಾಡಿಸಿ, ಹಾಗೇ ಜಮಖಾನೆಯ ಮೇಲೆ ಕೂಡಿಸುವಷ್ಟರಲ್ಲಿ ಬಾದಾಮಿಯವರು ಬಂದೇಬಿಟ್ಟರು. ಮನೆಯ ಯಜಮಾನ ಎದ್ದು ಸ್ವಾಗತಿಸಲಿಲ್ಲ! ಮಗಳ ಮುಖ ಬಿಳಿಚಿತು. ಈ ಸಂಬಂಧವೂ ಮುರಿಯಿತು ಎಂದುಕೊಂಡೆ.

ಹುಡುಗನ ತಂದೆ ಬಾಗಿಲಲ್ಲೇ ನಿಂತು, ಬಲು ಸಂಕೋಚದಿಂದ ಹೇಳಿದರು: "ಸಿಟ್ಟ ಮಾಡ್ಕೋಬ್ಯಾಡ್ರಿ. ನನಗ ಮೊಣಕಾಲು ಮಡಚಾಕ ಬರೂದಿಲ್ಲ. ಒಂದ್ ಕುರ್ಚಿ ಹಾಕ್ರಿ, ಅದರ ಮ್ಯಾಲ ಕುಂತ ಉಣ್ತೇನ್ರಿ."

ಕುರ್ಚಿ! ಇಷ್ಟು ಸಣ್ಣ ವಿಚಾರ ನನ್ನ ತಲೆಗೆ ಹೊಳೆದಿರಲಿಲ್ಲ.

ಅವರು ಕುರ್ಚಿಯ ಮೇಲೆ ಕುಳಿತು ಹೋಳಿಗೆ ಉಂಡರು, ಮಗಳನ್ನು ಒಪ್ಪಿದರು. ಹೊರಡುವಾಗ ಕೈ ಕುಲುಕೋಣವೆಂದರೆ ಅವರಿಗೆ ಕೆಳಗೆ ಕೂಡಲು ಬರಲಿಲ್ಲ, ನನಗೆ ಏಳಲು ಬರಲಿಲ್ಲ. ದೂರದಿಂದಲೇ ನಮಸ್ಕಾರ ಮಾಡಿಕೊಂಡು ಬೀಗರಾದೆವು.

ಬೀಗರು ಬಾದಾಮಿ ಮುಟ್ಟಿದರು. ನಾನಿನ್ನೂ ಜಮಖಾನೆಯ ಮೇಲೇ ಇದ್ದೆ!