ತಾಳ್ಮೆಯೇ ನನ್ನ ಉಸಿರು

ಪ್ರೊಫೈಲ್ ನೋಡಿದ್ರೆ ಸಾಕು, ಮನುಷ್ಯನ ಜಾತಕವನ್ನೇ ಹೇಳಬಲ್ಲೆ ಅನ್ನೋ ಜಂಬ ನನಗೆ. ಬುಲೆಟ್ ಮೇಲೆ ಕೂತ ಫೋಟೊ ಹಾಕಿದ್ದಾನಾ? ಗಾಡಿ ಅವನದ್ದಲ್ಲ. ಗುಲಾಬಿ ಹೂವಾ? ಆ ಮನುಷ್ಯನಿಗೆ ಮೂಗಿನ ತುದೀಲೇ ಕೋಪ. ಇದು ನನ್ನ ಸ್ವಂತ ಸಂಶೋಧನೆ!

ಹಾಗಾಗಿ ನಮ್ಮ ಜೊತೇಲೇ ಇರೋ ನನ್ನ ತಮ್ಮ ಮಂಜುಗೆ ಭದ್ರಾವತಿಯಿಂದ ಸಂಬಂಧ ಬಂದಾಗ ನಾನು ಸೊಂಟ ಕಟ್ಟಿ ನಿಂತೆ. ಹುಡುಗ, ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು. ಹುಡುಗಿಯ ಅಪ್ಪ, ರಿಟೈರ್ಡ್ ಮೇಷ್ಟ್ರು ರಾಜಣ್ಣ ಮಾತ್ರ "ಮನೆಯವರ ಸ್ವಭಾವ ತಿಳ್ಕೊಂಡು ಭಾನುವಾರ ಹೇಳ್ತೀನಿ" ಅಂದಿದ್ದರು. ಹಿಂದೆಯೇ ನನಗೆ ಅವರ ಫ್ರೆಂಡ್ ರಿಕ್ವೆಸ್ಟ್!

"ರೀ, ಭಾನುವಾರದ ತನಕ ಅಕೌಂಟ್ ಮುಚ್ಚಿಬಿಡಿ" ಅಂದಳು ಹೆಂಡತಿ ಗೀತಾ. "ನಿಮ್ಮ ಬಾಯಿಗಿಂತ ಬೆರಳು ಜೋರು."

"ನೋಡ್ತಿರು ಮಾರಾಯ್ತಿ!" ಅಂದವನೇ ಕೆಲಸಕ್ಕೆ ಇಳಿದೆ. ಸವಳಂಗ ರಸ್ತೆಯ ಗುಂಡಿ, ಹೋದ ಕರೆಂಟು, ಎದುರುಮನೆ ನಾಯಿ, ಎಲ್ಲದಕ್ಕೂ ಬೈದು ಬರೆದಿದ್ದನ್ನು ಅಳಿಸಿದೆ. ಶಾಲು ಹೊದ್ದು, ಕಣ್ಣು ಮುಚ್ಚಿ ಕೂತ ಫೋಟೊ ಹಾಕಿದೆ. ಕೆಳಗೆ "ತಾಳ್ಮೆಯೇ ನನ್ನ ಉಸಿರು" ಅಂತ ಬರೆದು, ರಾಜಣ್ಣನವರ ರಿಕ್ವೆಸ್ಟ್ ಒಪ್ಪಿಕೊಂಡೆ.

ಐದೇ ನಿಮಿಷ! ನಮ್ಮ ಬೀದಿಯ ಮೆಕ್ಯಾನಿಕ್ ರಹಮತ್ ಸಾಬರ ಕಮೆಂಟು ಬಂತು: "ಬೆಳಿಗ್ಗೆ ಗ್ಯಾರೇಜಲ್ಲಿ ಸ್ಕೂಟರಿಗೆ ಒದ್ದವರು ಇವರೇನಾ ಅಣ್ಣ?"

ನನಗೆ ಪಿತ್ತ ನೆತ್ತಿಗೇರಿತು. ಆದರೂ ತಾಳ್ಮೆಯಿಂದಲೇ ಉತ್ತರಿಸಿದೆ. ಹನ್ನೊಂದು ಸಲ! ಕೊನೆಯದು ಹೀಗಿತ್ತು: "ನನ್ನಷ್ಟು ಶಾಂತ ಮನುಷ್ಯ ಇಡೀ ಶಿವಮೊಗ್ಗದಲ್ಲೇ ಇಲ್ಲ. ಅಲ್ಲ ಅನ್ನೋ ಗಂಡಸಿದ್ರೆ ಬೀದಿಗೆ ಬರಲಿ, ಹಲ್ಲು ಉದುರಿಸ್ತೀನಿ!"

ಅದಕ್ಕೊಂದು ಲೈಕ್ ಬಿತ್ತು. ರಾಜಣ್ಣನವರದ್ದು!

ಅಯ್ಯೋ, ಮಂಜುವಿನ ಮದುವೆಗೆ ನಾನೇ ಕಲ್ಲು ಹಾಕಿದೆನಲ್ಲ ಅಂತ ಅಳುವೇ ಬಂತು. ಭಾನುವಾರ ಫೋನ್ ಬಂದಾಗ, ಮಂಜು ಸ್ಪೀಕರ್ ಒತ್ತಿದ.

"ಸಂಬಂಧ ಒಪ್ಪಿಗೆ ಕಣಪ್ಪ" ಅಂದರು ರಾಜಣ್ಣ. "ಒಂದೇ ಷರತ್ತು. ಮದುವೆ ಆದ್ಮೇಲೆ ನೀವಿಬ್ಬರೂ ಅಣ್ಣನ ಮನೇಲಿ ಇರಬಾರದು."

ನನ್ನ ತಮ್ಮ ನನ್ನ ಬಿಟ್ಟಿರ್ತಾನಾ? ಎದೆಯುಬ್ಬಿಸಿ ಅವನ ಮುಖ ನೋಡಿದೆ.

"ನವುಲೇಲಿ ಆಗಲೇ ಮನೆ ನೋಡಿಟ್ಟಿದೀನಿ ಮಾವ!" ಅಂದ ಮಂಜು.

ಗೀತಾ ಅಡುಗೆಮನೆಯಿಂದ ಓಡಿಬಂದಳು.

"ಮಂಜು, ಅಲ್ಲಿ ಒಂದು ರೂಮು ಜಾಸ್ತಿ ಇದ್ಯಾ?"

"ಯಾರಿಗೆ ಅತ್ತಿಗೆ?"

"ನನಗೆ!"