ಮುತ್ತಮ್ಮನ ಹೆಬ್ಬೆರಳು ಕಾಣದ ಹಾಜರಾತಿ ಯಂತ್ರಕ್ಕೆ

ಮಾನ್ಯ ಹಾಜರಾತಿ ಯಂತ್ರದವರೇ,

ಪಿಲ್ಲಗುಂಪೆಯ ನಮ್ಮ ಪೀಠೋಪಕರಣ ಕಾರ್ಖಾನೆಯ ಬಾಗಿಲಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿರುವ ತಮಗೆ, ಬಣ್ಣದ ವಿಭಾಗದ ಹದಿನೆಂಟು ಮಂದಿಯ ಹೆಬ್ಬೆರಳುಗಳ ಪರವಾಗಿ ನಮಸ್ಕಾರಗಳು. ಟೀ ಕೇಳದೆ, ಕೂರಲು ಸ್ಟೂಲು ಕೇಳದೆ, ಸಂಘ ಕಟ್ಟುವ ಮಾತೆತ್ತದೆ ದುಡಿಯುವ ತಮ್ಮನ್ನು ಮಾಲೀಕರು ನಮಗಿಂತ ಹೆಚ್ಚು ನಂಬುವುದರಲ್ಲಿ ಆಶ್ಚರ್ಯವೇನಿಲ್ಲ.

ತಾವು ಗೋಡೆ ಬಿಟ್ಟು ಒಳಗೆ ಬಂದವರಲ್ಲ, ಹಾಗಾಗಿ ನಮ್ಮ ಕಸುಬು ತಿಳಿಸುತ್ತೇನೆ. ಹೊಸ ಮರದ ಹೊಸ ಬೀರುವಿಗೆ ಕಂದು ಬಣ್ಣ ಹೊಡೆದು, ಅಲ್ಲಲ್ಲಿ ಮೇಣದಬತ್ತಿ ತಿಕ್ಕಿ, ಮೇಲೆ ತಿಳಿನೀಲಿ ಬಳಿದು, ಒಣಗಿದ ಮೇಲೆ ನೀಲಿ ಕಿತ್ತುಬರುವ ಹಾಗೆ ಉಪ್ಪುಕಾಗದದಲ್ಲಿ ಉಜ್ಜುತ್ತೇವೆ. ಸೈಕಲ್ ಚೈನಿನಲ್ಲಿ ನಾಲ್ಕೇಟು ಬಾರಿಸಿ, ಹುಳು ಕೊರೆದಂತೆ ಮೊಳೆಯಲ್ಲಿ ತೂತು ಹಾಕಿದರೆ ಮಂಗಳವಾರ ಹುಟ್ಟಿದ ಬೀರುವಿಗೆ ಶುಕ್ರವಾರಕ್ಕೆ ಎಂಬತ್ತು ವರ್ಷ. ಇದಕ್ಕೆ ಡಿಸ್ಟ್ರೆಸ್ ಫಿನಿಶ್ ಎಂದು ಹೆಸರು. ಸವೆದಷ್ಟೂ ಮರ್ಯಾದೆ.

ಈ ಕೆಲಸದಲ್ಲಿ ನಮ್ಮ ಮುತ್ತಮ್ಮನಿಗೆ ಸಮ ಯಾರೂ ಇಲ್ಲ. ಡಿಸೈನರ್ ಕೀರ್ತನ ಮೇಡಂ ಬಂದ ಹೊಸದರಲ್ಲಿ ಬೀರುವಿನ ಬಾಗಿಲ ನಟ್ಟನಡುವೆ ಉಜ್ಜಿಸುತ್ತಿದ್ದರು, ಅದು ಬೆಕ್ಕು ಪರಚಿದ ಹಾಗೆ ಕಾಣುತ್ತಿತ್ತು. "ಅಲ್ಲಿ ಯಾರಮ್ಮ ಕೈ ಇಕ್ತಾರೆ? ಹಿಡಿ ಸುತ್ತ ಉಜ್ಜಬೇಕು, ಸೊಂಟ ತಗಲೋ ಮೂಲೆ ಉಜ್ಜಬೇಕು. ಜನ ಬಾಳಿದ ಮನೇಲಿ ಬಣ್ಣ ಹೋಗೋದೇ ಅಲ್ಲಿ" ಎಂದವಳು ಮುತ್ತಮ್ಮ. ಅಂದಿನಿಂದ ಅವಳಿಗೆ ತೋರಿಸದೆ ಒಂದು ಕುರ್ಚಿಯೂ ಹೊರಗೆ ಹೋಗಿಲ್ಲ.

ಕೈಗವಸು ಹಾಕಿದರೆ ಬಣ್ಣ ಎಷ್ಟು ಕಿತ್ತಿತೆಂದು ಬೆರಳಿಗೆ ತಿಳಿಯುವುದಿಲ್ಲ. ಒಂಬತ್ತು ವರ್ಷ ಬರಿಗೈಯಲ್ಲೇ ಉಜ್ಜಿದಳು. ಬಣ್ಣದ ಜೊತೆ ಹೆಬ್ಬೆರಳಿನ ಗೆರೆಗಳೂ ಹೋದವು. ಹೋದ ತಿಂಗಳು ತಾವು ದಯಮಾಡಿಸಿದಿರಿ. ಮುತ್ತಮ್ಮ ಒತ್ತಿದಳು, ತಾವು "ಪ್ಲೀಸ್ ಟ್ರೈ ಅಗೇನ್" ಎಂದಿರಿ. ಸೂಪರ್‌ವೈಸರ್ ಅನಿಲ್‌ಕುಮಾರ್ "ಗಟ್ಟಿಯಾಗಿ ಒತ್ತಮ್ಮ" ಅಂದರೆ, "ಇನ್ನೂ ಗಟ್ಟಿಯಾಗಿ ಒತ್ತಿದ್ರೆ ನಿನ್ ಮಿಷನ್ನೂ ಹಳೇದಾಗೋಯ್ತದೆ ಕಣಪ್ಪ" ಎಂದಳು.

ಇಪ್ಪತ್ತೆರಡು ದಿನ ಬಂದಳು, ಉಜ್ಜಿದಳು, ಹೋದಳು. ತಮ್ಮ ಲೆಕ್ಕದಲ್ಲಿ ಒಂದು ದಿನವೂ ಬಂದಿಲ್ಲ. ಸತತ ಗೈರುಹಾಜರಿ, ಶನಿವಾರದೊಳಗೆ ಬೆರಳು ಹೊಂದದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದು ಆಫೀಸಿನವರು ನೋಟಿಸು ಹೊರಡಿಸಿದ್ದಾರೆ. ಆ ನೋಟಿಸನ್ನು, ಕೆಲಸಕ್ಕೇ ಬಾರದ ಆ ಹೆಂಗಸಿಗೆ, ಅವಳು ಉಜ್ಜುತ್ತಿದ್ದ ಬೀರುವಿನ ಬಳಿಗೇ ಬಂದು ಕೊಟ್ಟು ಸಹಿ ಹಾಕಿಸಿಕೊಂಡರು.

ತಮ್ಮ ನ್ಯಾಯನಿಷ್ಠೆಗೆ ತಲೆಬಾಗುತ್ತಾ ಕೆಲವು ಕೋರಿಕೆಗಳನ್ನು ಸಲ್ಲಿಸುತ್ತೇನೆ. ಬಾರದ ಮುತ್ತಮ್ಮ ಉಜ್ಜಿದ ಬೀರುಗಳನ್ನೆಲ್ಲ ಗಿರಾಕಿಗಳ ಮನೆಯಿಂದ ತರಿಸಿ, ಕಿತ್ತ ನೀಲಿಯನ್ನು ಪುಡಿಪುಡಿಯಾಗಿ ಹುಡುಕಿ ಮತ್ತೆ ಅಂಟಿಸಿಕೊಡಬೇಕು. ಆ ಪುಡಿಯಲ್ಲಿ ಅವಳ ಗೆರೆಗಳೇನಾದರೂ ಸಿಕ್ಕರೆ ಅವನ್ನೂ ಅವಳಿಗೆ ಹಿಂದಿರುಗಿಸಬೇಕು. ಇಷ್ಟೆಲ್ಲ ಕಷ್ಟವೆನಿಸಿದರೆ, ತಾವು ಬರುವ ಮುಂಚೆ ಇದ್ದ ಸಹಿ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳಲು ಸ್ವಲ್ಪ ಜಾಗ ಬಿಡಬೇಕು. ನೋಟಿಸಿಗೆ ಆಗುವ ಸಹಿ ಹಾಜರಿಗೂ ಆದೀತು.

ಅದೂ ಆಗದಿದ್ದರೆ ಶನಿವಾರ ಬೆಳಿಗ್ಗೆ ಉಳಿದ ಹದಿನೇಳು ಮಂದಿಯೂ ಹೆಬ್ಬೆರಳನ್ನು ಉಪ್ಪುಕಾಗದಕ್ಕೆ ಉಜ್ಜಿಕೊಂಡು, ಮುತ್ತಮ್ಮನನ್ನು ಮುಂದೆ ಬಿಟ್ಟುಕೊಂಡು, ತಮ್ಮೆದುರು ಸಾಲಾಗಿ ನಿಲ್ಲುತ್ತೇವೆ. ಎಲ್ಲಿ ಎಷ್ಟು ಉಜ್ಜಬೇಕೆಂದು ಅವಳೇ ತೋರಿಸಿಕೊಟ್ಟಿದ್ದಾಳೆ. ಯಾರೂ ಬಂದಿಲ್ಲ ಎಂದು ಬರೆದುಕೊಳ್ಳಿ. ಗೈರುಹಾಜರಾದವರು ಕೆಲಸ ಮಾಡುವುದು ಶಿಸ್ತಲ್ಲವಾದ್ದರಿಂದ, ಅಂದು ಸಂಜೆ ಕಂಟೇನರಿಗೆ ಏರಬೇಕಾದ ನಲವತ್ತು ಕುರ್ಚಿಗಳನ್ನು ತಾವೇ ಉಜ್ಜಿಕೊಡಬೇಕಾಗಿ ವಿನಂತಿ.

ಶುಕ್ರವಾರದವರೆಗೆ ಮಾತ್ರ ತಮ್ಮ ಕಣ್ಣಿಗೆ ಕಾಣುವ,
ತಮ್ಮ ವಿಶ್ವಾಸಿ,
ಅಪ್ಪಯ್ಯಣ್ಣ
ಬಣ್ಣದ ವಿಭಾಗ

ಮರೆತ ಮಾತು: ಮುತ್ತಮ್ಮ ದಿನಕ್ಕೆ ಹತ್ತು ಸಲ ಒತ್ತಿದ್ದರಿಂದ ತಮ್ಮ ಗಾಜಿನ ಸುತ್ತಲ ಬಣ್ಣ ಕಿತ್ತುಹೋಗಿದೆ. "ಚೆನ್ನಾಗಿ ಬಂದದೆ" ಎಂದು ಅವಳೇ ಮೆಚ್ಚಿದಳು. ಹೆದರಬೇಡಿ, ಸವೆದಿದ್ದಕ್ಕೆ ತಮ್ಮನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಷೋರೂಮಿನಲ್ಲಿ ಇಡುತ್ತಾರೆ.